ಟಾರ್ಟಿನ ತಳ

ಟಾರ್ಟ್ ಅಂದರೆ ಬೆಣ್ಣೆ ಬೆರೆಸಿದ ಹಿಟ್ಟಿನ ತಳದ ಮೇಲೆ ಹೂರಣ ಹರಡಿ ಓವನ್ನಿನಲ್ಲಿ ಬೇಯಿಸುವ ತಿಂಡಿ. ಟೊಮೆಟೊ ಚೀಸ್ ಟಾರ್ಟಿನ ಫೋಟೊ ತೆಗೆಯುವವರು ಮೇಲಿನಿಂದಲೇ ತೆಗೆಯುತ್ತಾರೆ. ಕೆಂಪು ಬಿಲ್ಲೆಗಳು, ಹೊಂಬಣ್ಣದ ಅಂಚು, ಮೇಲೆರಡು ಹಸಿರು ಎಲೆ. ತಳವನ್ನು ಯಾರೂ ತಿರುಗಿಸಿ ನೋಡುವುದಿಲ್ಲ. ಆದರೆ ಟಾರ್ಟಿನ ಹಣೆಬರಹ ಇರುವುದೇ ತಳದಲ್ಲಿ.

ಟೊಮೆಟೊದಲ್ಲಿ ನೂರಕ್ಕೆ 94ರಷ್ಟು ನೀರು. ಬಿಸಿ ತಾಗಿದ್ದೇ ತಡ, ಒಳಗಿದ್ದದ್ದನ್ನೆಲ್ಲ ಬಿಟ್ಟುಬಿಡುತ್ತದೆ. ಹಿಟ್ಟಿನ ಕಥೆ ಬೇರೆ. ಅದರೊಳಗಿನ ತಣ್ಣನೆ ಬೆಣ್ಣೆ ಕರಗಬೇಕು, ಬೆಣ್ಣೆಯ ನೀರು ಆವಿಯಾಗಿ ಪದರ ಬಿಡಿಸಬೇಕು, ಆಮೇಲೆ ಒಣಗಿ ಗರಿಗರಿಯಾಗಬೇಕು. ಅಷ್ಟರಲ್ಲಿ ಮೇಲಿಂದ ಟೊಮೆಟೊ ನೀರು ಸುರಿದರೆ ಮುಗಿಯಿತು, ಅಂಬಲಿಯೇ ಗತಿ.

ಹಾಗಾಗಿ ಬಿಲ್ಲೆಗಳಿಗೆ ಉಪ್ಪು ಉದುರಿಸಿ ಅರ್ಧ ಗಂಟೆ ಸುಮ್ನೆ ಬಿಡಬೇಕು. ಉಪ್ಪು ನೀರನ್ನು ಹೊರಗೆಳೆಯುತ್ತದೆ. ಆಮೇಲೆ ಬಟ್ಟೆಯಿಂದ ಒತ್ತಿ ತೆಗೆದರಾಯಿತು. ಬೀಜದ ಸುತ್ತಲಿನ ಲೋಳೆಯನ್ನೂ ಕೆರೆದು ಬಿಸಾಡುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ನಾಲಿಗೆ ಚಪ್ಪರಿಸುವಂತೆ ಮಾಡುವ ಗ್ಲುಟಮೇಟ್ ತಿರುಳಿಗಿಂತ ಆ ಲೋಳೆಯಲ್ಲೇ ಜಾಸ್ತಿ. ಹಳೆಯ, ಗಟ್ಟಿ ಚೀಸಿನಲ್ಲೂ ಅದು ಧಾರಾಳ. ಇವೆರಡರ ಜೋಡಿ ಕೂಡಿಬರುವುದು ಬರೀ ಬಣ್ಣದಿಂದಲ್ಲ.

ಹಿಟ್ಟನ್ನು ಮೊದಲೇ ಒಂದಿಷ್ಟು ಬೇಯಿಸಿಕೊಳ್ಳಬೇಕು. ಮೇಲೆ ಕಾಗದ ಹಾಸಿ, ಒಣ ಕಾಳು ಸುರಿದು, 200 ಡಿಗ್ರಿಯಲ್ಲಿ ಹದಿನೈದು ನಿಮಿಷ. ಕಾಳಿನ ಭಾರಕ್ಕೆ ಹಿಟ್ಟು ಉಬ್ಬುವುದಿಲ್ಲ. ಪಾಪ, ಆ ಕಾಳು ಇನ್ನು ಊಟಕ್ಕೆ ಬಾರದು. ಡಬ್ಬಿಯಲ್ಲಿ ಕೂತು ಮುಂದಿನ ಟಾರ್ಟಿಗೆ ಕಾಯಬೇಕು, ಮತ್ತೆ ಭಾರವಾಗಿ ಕೂರಬೇಕು. ಅದೇ ಅದರ ಉದ್ಯೋಗ.

ಇನ್ನು ಚೀಸ್ ಮೇಲೋ ಕೆಳಗೋ? ಕೆಳಗೇ ಅನ್ನುವ ಪಕ್ಷ ನನ್ನದು. ಕರಗಿದ ಚೀಸಿನ ಜಿಡ್ಡು ಹಿಟ್ಟಿಗೆ ರೇನ್‌ಕೋಟ್ ತೊಡಿಸಿದ ಹಾಗೆ. ಫ್ರೆಂಚರು ಅದಕ್ಕೂ ಮೊದಲು ತಳಕ್ಕೆ ಸಾಸಿವೆ ಪೇಸ್ಟ್ ಸವರುತ್ತಾರೆ. ಆ ಖಾರಕ್ಕೆ ಟೊಮೆಟೊದ ಸಿಹಿ ಎದ್ದು ಕಾಣುತ್ತದೆ. ಮೇಲೆ ಆಸೆಗೆ ಒಂದು ಚಿಟಿಕೆ ತುರಿದ ಚೀಸ್ ಉದುರಿಸಿ, ಬೇಡ ಅನ್ನುವುದಿಲ್ಲ. ತಾಜಾ ಮೊಜರೆಲ್ಲಾ ಚೀಸ್ ಹಾಕುವವರು ಮಾತ್ರ ಹುಷಾರು. ಅದರಲ್ಲೂ ಅರ್ಧಕ್ಕಿಂತ ಜಾಸ್ತಿ ನೀರೇ.

ಓವನ್ನಿನಿಂದ ತೆಗೆದ ಮೇಲಿನ ಹತ್ತು ನಿಮಿಷವೇ ಕಷ್ಟ. ಮನೆಯವರೆಲ್ಲ ತಟ್ಟೆ ಹಿಡಿದು ನಿಂತಿರುತ್ತಾರೆ. ಆದರೂ ಜಾಲರಿಯ ಮೇಲೆ ಆರಲು ಬಿಡಬೇಕು. ತಟ್ಟೆಯಲ್ಲಿಟ್ಟರೆ ಆವಿ ಹೋಗಲು ದಾರಿಯಿಲ್ಲದೆ ತಳ ಬೆವರುತ್ತದೆ. ಆಮೇಲೆ ಒಂದು ತುಂಡು ಕೈಯಲ್ಲೆತ್ತಿ. ತುದಿ ನೆಟ್ಟಗೆ ನಿಂತರೆ ಗೆದ್ದಿರಿ. ಬಾಗಿತೋ, ಎಲ್ಲರಿಗೂ ಒಂದೊಂದು ಚಮಚ ಕೊಟ್ಟುಬಿಡಿ. ರುಚಿಗೇನೂ ಮೋಸವಿಲ್ಲ.