ಪೆದ್ದಮ್ಮನೂ ಜಾಣ ಯಂತ್ರವೂ

ನಮ್ಮ ಮುಖ್ಯಮಂತ್ರಿ ತೀರಿಕೊಂಡು, ಆಮೇಲೆ ತಾವೇ ಹೋಗಿ ಅಂತಿಮ ನಮನ ಸಲ್ಲಿಸಿ ಬಂದ ಕತೆ ನಿಮಗೆಲ್ಲ ಗೊತ್ತೇ ಇದೆ. 2025ರ ಜುಲೈ, ಆಗ ಮುಖ್ಯಮಂತ್ರಿ ಸಿದ್ದರಾಮಯ್ಯ. ನಟಿ ಬಿ. ಸರೋಜಾದೇವಿ ಹೋದರು, ಸಿದ್ದರಾಮಯ್ಯ ಹೋಗಿ ಕೈಮುಗಿದು ಬಂದರು, ಅವರ ಕಚೇರಿಯವರು ಕನ್ನಡದಲ್ಲಿ ಎರಡು ಸಾಲು ಹಾಕಿದರು. ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಯಂತ್ರ ಅದನ್ನು ಇಂಗ್ಲಿಷಿಗೆ ತಿರುಗಿಸುವ ಉತ್ಸಾಹದಲ್ಲಿ ಸರೋಜಾದೇವಿಯವರ ಜಾಗದಲ್ಲಿ ಸಿದ್ದರಾಮಯ್ಯನವರನ್ನು ಮಲಗಿಸಿತು. ಇತ್ತ ಸಿಎಂ ಕಡೆಯವರು ಪತ್ರ ಬರೆದರು, ಅತ್ತ ಕಂಪನಿ ಕ್ಷಮೆ ಕೇಳಿತು. ಅಲ್ಲಿಗೆ ಮುಗೀತು.

ನನಗೆ ಮುಗೀಲಿಲ್ಲ. ಯಂತ್ರ ಎಡವಿದ್ದು ಎಲ್ಲಿ ನೋಡಿ. "ನಿನ್ನೆ ನಿಧನರಾದ" ಅನ್ನೋ ಎರಡು ಪದ ಸಿಎಂ ಹೆಸರಾದ ಮೇಲೆ, ನಟಿಯ ಹೆಸರಿಗಿಂತ ಮುಂಚೆ ಕೂತಿತ್ತು. ಕನ್ನಡದಲ್ಲಿ ಅದು ಮುಂದೆ ಬರುವ ಹೆಸರಿಗೆ ಅಂಟಿಕೊಳ್ಳುತ್ತೆ. ತೆಲುಗಿನ "ಚನಿಪೋಯಿನ"ವೂ ಹಾಗೇ, ತಮಿಳಿನ "ಸೆತ್ತುಪೋನ"ವೂ ಹಾಗೇ. ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಕಡಲೇಕಾಯಿ ಮಾರುವ ಹುಡುಗನಿಗೆ ಕೊಟ್ಟಿದ್ದರೂ ಮೂರು ಭಾಷೆಯಲ್ಲಿ ಹೇಳುತ್ತಿದ್ದ, ಯಾರೂ ಸುಳ್ಳುಸುಳ್ಳೇ ಸಾಯುತ್ತಿರಲಿಲ್ಲ. ತೀರಿಕೊಂಡವರು ಬಹುಭಾಷಾ ತಾರೆ ಬೇರೆ. ಕನ್ನಡ, ತಮಿಳು, ತೆಲುಗು, ಹಿಂದಿ ಅಂತ ನಾಲ್ಕು ಭಾಷೆಯಲ್ಲಿ ಸಿನಿಮಾ ಮಾಡಿದವರು. ಅವರ ಸಾವಿನ ಸುದ್ದಿಗೆ ಒಂದು ಭಾಷೆ ದಾಟಲಿಕ್ಕೆ ಆಗಲಿಲ್ಲ.

ಅಂದಹಾಗೆ ಸಿದ್ದರಾಮಯ್ಯನವರ ವಿಷಯದಲ್ಲಿ ತಪ್ಪು ಅನುವಾದದ ನೋವು ಕೋಲಾರದವರಿಗೆ ಹೊಸದಲ್ಲ. 2023ರ ಜನವರಿಯಲ್ಲಿ ಇಲ್ಲಿಗೇ ಬಂದು ಚುನಾವಣೆಗೆ ಕೋಲಾರದಿಂದ ನಿಲ್ತೀನಿ ಅಂದರು. ನಾವು ಅದನ್ನು ಕೋಲಾರದಿಂದ ನಿಲ್ಲುತ್ತಾರೆ ಅಂತ ಅರ್ಥ ಮಾಡಿಕೊಂಡೆವು. ಅದು ಮೈಸೂರು ಕಡೆಯ ವರುಣಾ ಅಂತ ಆಮೇಲೆ ಗೊತ್ತಾಯ್ತು.

ಇರಲಿ. ನಾನು ಹೇಳಹೊರಟಿದ್ದು ನಮ್ಮ ಪೆದ್ದಮ್ಮನ ಬಗ್ಗೆ. ಪೆದ್ದಮ್ಮ ಅಂದರೆ ದೊಡ್ಡಮ್ಮ, ಅಮ್ಮನ ಅಕ್ಕ. ಮನೆಯಲ್ಲಿ ತೆಲುಗು ನಮ್ಮದು. ಕೋಲಾರ ಜಿಲ್ಲೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಆದರೆ ತುಂಗಭದ್ರೆಯ ಆಚೆಯಿಂದ ವರ್ಗವಾಗಿ ಬರುವ ಅಧಿಕಾರಿಗಳು ಇಲ್ಲಿ ಮೊದಲ ವಾರ ಕಂಗಾಲಾಗುತ್ತಾರೆ. ಊರಿನ ಹಿರಿಯನನ್ನು ಎಲ್ಲರೂ ಎದ್ದು ನಿಂತು "ಪೆದ್ದಾಯನ" ಅಂತಾರೆ, ಆಯನೂ ಖುಷಿಯಾಗಿ ಮೀಸೆ ತಿರುವುತ್ತಾನೆ! ಕೆಜಿಎಫ್ ಕಡೆಯದು ಇನ್ನೂ ಚೆಂದ. ಕನ್ನಡಕ್ಕೆ ಚಿನ್ನ ಅಂದರೆ ಬಂಗಾರ, ತಮಿಳಿಗೂ ತೆಲುಗಿಗೂ ಚಿನ್ನ ಅಂದರೆ ಚಿಕ್ಕದು. ನೆಲದಡಿ ಮೂರು ಕಿಲೋಮೀಟರಿಗೂ ಜಾಸ್ತಿ ಆಳಕ್ಕೆ ಇಳಿದು ಚಿನ್ನ ತೆಗೆದ ತಮಿಳು ಕಾರ್ಮಿಕರಿಗೆ ಕೊನೆಗೆ ಸಿಕ್ಕಿದ್ದು ಅವರ ಭಾಷೆಯ ಚಿನ್ನ. 2001ರ ಫೆಬ್ರವರಿ 28ಕ್ಕೆ ಗಣಿಗೆ ಬೀಗ ಬಿತ್ತು. ಆ ಕತ್ತಲೆಯಲ್ಲಿ ಬಿಳಿ ದೊರೆಗಳು ಏನೋ ಹೇಳುತ್ತಿದ್ದರು, ಇವರಿಗೆ ಏನೋ ಅರ್ಥವಾಗುತ್ತಿತ್ತು, ದಶಕಗಟ್ಟಲೆ ಹೇಗೋ ಕೆಲಸ ನಡೀತು. ಆ್ಯಪ್ ಇರಲಿಲ್ಲ. ಬಂಡೆ ಕುಸಿಯುತ್ತೆ ಅನ್ನೋದನ್ನು ತಪ್ಪಾಗಿ ಅನುವಾದ ಮಾಡಿದರೆ ಕ್ಷಮೆ ಕೇಳುವುದಕ್ಕೆ ಯಾರೂ ಉಳಿಯುತ್ತಿರಲಿಲ್ಲ, ಅಷ್ಟೇ.

ಎಲ್ಲಿದ್ದೆ? ಹಾಂ, ಪೆದ್ದಮ್ಮ. ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯಲ್ಲಿದ್ದಾಳೆ, ಎಪ್ಪತ್ತು ದಾಟಿದೆ, ಎರಡು ಸೀಮೆ ಹಸು. ಮನೆಯಲ್ಲಿ ತೆಲುಗು. ಡೇರಿಯಲ್ಲಿ, ಪಂಚಾಯ್ತಿಯಲ್ಲಿ ಕನ್ನಡ. ಹರೆಯದಲ್ಲಿ ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಗೆ ಸೊಪ್ಪು ಹೊತ್ತು ಮಾರಿದ್ದರಿಂದ ತಮಿಳು, ಅದೂ ಬೈಗುಳ ಸಮೇತ. ರೇಷ್ಮೆ ಸಾಕಿದಷ್ಟು ವರ್ಷ ಶಿಡ್ಲಘಟ್ಟಕ್ಕೆ ಗೂಡು ತಗೊಂಡು ಹೋಗಿ ಗೂಡಿನಿಂದ ನೂಲು ತೆಗೆಯುವ ರೀಲರುಗಳ ಹತ್ತಿರ ಜಗಳ ಆಡಿದ್ದರಿಂದ ನಮ್ಮ ಕಡೆಯ ಉರ್ದು, ಅಂದರೆ "ನಕ್ಕೋ", "ಹೌ", "ಕೈಕು" ಇರುವ ದಖನಿ. ನಾಲ್ಕು ಭಾಷೆ, ಒಂದಕ್ಕೂ ಫೀಸು ಕಟ್ಟಿಲ್ಲ. ಎದುರಿನವರು ಯಾವ ಭಾಷೆಯಲ್ಲಿ ಬಾಯಿ ತೆಗೆದರೋ ಅದರಲ್ಲೇ ಉತ್ತರ. ಹೆಬ್ಬೆಟ್ಟು. ಹಾಗಾಗಿ ಸರ್ಕಾರದ ಲೆಕ್ಕದಲ್ಲಿ ಅನಕ್ಷರಸ್ಥೆ.

ಹಾಲಿನ ದುಡ್ಡು, ಸರ್ಕಾರದ ಪ್ರೋತ್ಸಾಹಧನ, ಎಲ್ಲ ಬೀಳುವುದು ಬ್ಯಾಂಕ್ ಖಾತೆಗೆ. ಆ ಖಾತೆಗೆ ಕೆವೈಸಿ, ಅಂದರೆ ಗುರುತಿನ ದಾಖಲೆ ತೋರಿಸುವ ಕೆಲಸ, ಬಂತು. ಬಂತು ಅಂದರೆ ರೋಗ ಬಂದ ಹಾಗೆ ಬಂತು. ಇಂಗ್ಲಿಷಿನಲ್ಲಿ ಮೆಸೇಜು. ಪೆದ್ದಮ್ಮ ಅದನ್ನು ಮೊಬೈಲ್ ಕಂಪನಿಯ ಜಾಹೀರಾತು ಅಂದುಕೊಂಡು ಬಿಟ್ಟಳು. ಒಂದು ದಿನ ದುಡ್ಡು ತೆಗೆಯಲು ಹೋದರೆ ಬರಲಿಲ್ಲ. ನನ್ನನ್ನು ಕರೆದಳು, ಹೋದೆವು.

ಬ್ಯಾಂಕಿನ ಹೆಸರು ಬೇಡ, ನಿಮ್ಮ ಬ್ಯಾಂಕೇ ಅಂದುಕೊಳ್ಳಿ. ಆ ಶಾಖೆಯ ಭಾಷಾಪ್ರೇಮವನ್ನು ಮಾತ್ರ ಮೆಚ್ಚಲೇಬೇಕು. ಒಳಗೆ ಹೋಗುತ್ತಿದ್ದಂತೆ ಒಂದು ಬಿಳಿ ಬೋರ್ಡು: "ಆಜ್ ಕಾ ಶಬ್ದ್". ಇಂದಿನ ಪದ. ಹಿಂದಿಯಲ್ಲಿ ಒಂದು ಶಬ್ದ, ಪಕ್ಕದಲ್ಲಿ ಅದರ ಇಂಗ್ಲಿಷ್. ಅಂದಿನ ಪದ "ಸಂಪ್ರೇಷಣ್", ಅಂದರೆ ಕಮ್ಯುನಿಕೇಷನ್. ನಾವು ಮೂರು ವಾರದಲ್ಲಿ ಮೂರು ಸಲ ಹೋದೆವು, ಮೂರು ಸಲವೂ "ಇಂದು" ಅದೇ ಇತ್ತು. ಇದೆಲ್ಲ ಕಾನೂನಿನ ಪ್ರಕಾರವೇ ನಡೆಯುತ್ತೆ ಸ್ವಾಮಿ, ಸುಮ್ನೆ ಅಲ್ಲ. ಕೇಂದ್ರದ ಕಚೇರಿಗಳಲ್ಲಿ ಹಿಂದಿ ಎಷ್ಟು ಬಳಸಬೇಕು ಅನ್ನೋ 1976ರ ರಾಜಭಾಷಾ ನಿಯಮಗಳಲ್ಲಿ ದೇಶವನ್ನು ಕ, ಖ, ಗ ಅಂತ ಮೂರು ಮಾಡಿ ಕರ್ನಾಟಕವನ್ನು ಗ ವಲಯಕ್ಕೆ ಹಾಕಿದ್ದಾರೆ. ತಮಿಳುನಾಡಿಗೆ ಆ ನಿಯಮವೇ ಅನ್ವಯಿಸುವುದಿಲ್ಲ ಅಂತ ಮೊದಲ ಪುಟದಲ್ಲೇ ಬರೆದಿದೆ. ಕೆಜಿಎಫ್‌ನಿಂದ ಒಂದಿಷ್ಟು ದೂರ ಹೋಗಿ ಗಡಿ ದಾಟಿದರೆ ಸಾಕು, ನಿಯಮ ಅಲ್ಲೇ ನಿಂತುಬಿಡುತ್ತೆ, ಬಸ್ ಮಾತ್ರ ಮುಂದೆ ಹೋಗುತ್ತೆ. ಶಾಖೆಯ ಫಲಕಗಳು ಇಂಗ್ಲಿಷ್, ಹಿಂದಿ, ಸ್ಥಳೀಯ ಭಾಷೆ ಮೂರರಲ್ಲೂ ಇರಬೇಕು ಅಂತ ರಿಸರ್ವ್ ಬ್ಯಾಂಕೂ ಹೇಳಿದೆ. ಇದ್ದವು. "ಸಾಲಿನಲ್ಲಿ ನಿಲ್ಲಿ" ಅನ್ನೋದು ಶುದ್ಧ ಕನ್ನಡದಲ್ಲಿತ್ತು.

ಕೌಂಟರಿನಲ್ಲಿ ಉತ್ತರದ ಕಡೆಯ ಒಬ್ಬ ಹುಡುಗ. ಕೆಟ್ಟವನಲ್ಲ. ಮನೆ ಬಿಟ್ಟು ಎರಡು ಸಾವಿರ ಕಿಲೋಮೀಟರು ದೂರ ಬಂದು, ಊಟ ಸೇರದೆ, ರಜೆ ಸಿಗದೆ ಒಣಗಿದ ಮುಖ. ಪೆದ್ದಮ್ಮ ಕನ್ನಡದಲ್ಲಿ ಹೇಳಿದಳು. ಅವನು ತಲೆ ಆಡಿಸಿದ, ಗೊತ್ತಿಲ್ಲ ಅಂತ. ನಾನು ಬಾಯಿ ಹಾಕುವುದರೊಳಗೆ ಇವಳು ಭಾಷೆ ಬದಲಿಸಿದಳು. ಶಿಡ್ಲಘಟ್ಟದ ಉರ್ದು ಹೊರಗೆ ಬಂತು. "ಪೈಸೆ ಕೈಕು ನೈ ಆರೈಂ ಭಯ್ಯಾ?" ದುಡ್ಡು ಯಾಕೆ ಬರ್ತಿಲ್ಲಪ್ಪಾ ಅಂತ. ಹುಡುಗನ ಮುಖ ಅರಳಿತು. ಅವನು ನಕ್ಕು, ಪ್ರೀತಿಯಿಂದಲೇ, "ಕೈಕು ಅಲ್ಲ ಅಮ್ಮ, ಕ್ಯೋಂ ಅನ್ನಬೇಕು" ಅಂತ ತಿದ್ದಿದ.

ತಿದ್ದಿದ. ಕೋಲಾರ ಜಿಲ್ಲೆಯಲ್ಲಿ, ಅವಳ ದುಡ್ಡು ಕೊಡಬೇಕಾದ ಕೌಂಟರಿನಲ್ಲಿ ಕೂತು, ಎಪ್ಪತ್ತು ದಾಟಿದವಳ ಹಿಂದಿಯನ್ನು ತಿದ್ದಿದ. ಅವಳು ಅವನಿಗಾಗಿ ನಾಲ್ಕನೇ ಭಾಷೆಗೆ ಹೋಗಿದ್ದಳು. ಅವನು ಅವಳಿಗಾಗಿ ಎರಡನೇದಕ್ಕೂ ಬಂದಿರಲಿಲ್ಲ. ಸರಿಯಾಗಿ ಮಾತಾಡಬೇಕಾದವಳು ಅವಳು!

ಮೊದಲ ಸಲ ಆಧಾರ್ ಜೆರಾಕ್ಸ್ ತಗೊಂಡು ನಾಳೆ ಬನ್ನಿ ಅಂದರು. ಎರಡನೇ ಸಲ ಸರ್ವರ್ ಇಲ್ಲ. ಮೂರನೇ ಸಲ ಫಾರಂ ತುಂಬಿಲ್ಲ. ಫಾರಂ ತೆಗೆದು ನೋಡಿದರೆ ಇಂಗ್ಲಿಷು, ಹಿಂದಿ. ಕನ್ನಡದ್ದು ಇಲ್ವಾ ಅಂದರೆ ಆ್ಯಪಿನಲ್ಲಿದೆ, ಮನೆಯಲ್ಲೇ ಮಾಡಿಕೊಳ್ಳಿ ಅಂದರು. ಆ್ಯಪ್ ತೆರೆದೆ. ಬ್ಯಾಲೆನ್ಸ್‌ಗೆ "ಸಮತೋಲನ" ಅಂತಿತ್ತು. ಪೆದ್ದಮ್ಮನ ಸಮತೋಲನ ತಪ್ಪಿದ್ದು ಅವರಿಗೆ ಹೇಗೆ ಗೊತ್ತಾಯ್ತೋ. ಕೊಡಗಿನ ರಸ್ತೆಯಲ್ಲಿ 2024ರಲ್ಲಿ ಒಂದು ಬೋರ್ಡು ಊರೆಲ್ಲ ಓಡಾಡಿತ್ತಲ್ಲ, ಅವಸರವೇ ಅಪಘಾತಕ್ಕೆ ಕಾರಣ ಅನ್ನೋದಕ್ಕೆ ಇಂಗ್ಲಿಷಿನಲ್ಲಿ "ಅರ್ಜೆಂಟ್ ಮೇಕ್ ಆ್ಯನ್ ಆ್ಯಕ್ಸಿಡೆಂಟ್", ಬೇಗ ಒಂದು ಆ್ಯಕ್ಸಿಡೆಂಟ್ ಮಾಡಿ ಅನ್ನೋ ಹಾಗೆ. ಆಗ ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಕನ್ನಡದಿಂದ ಇಂಗ್ಲಿಷಿಗೆ ತಪ್ಪಿದರೆ ದೇಶಕ್ಕೆಲ್ಲ ಜೋಕು. ಇಂಗ್ಲಿಷಿನಿಂದ ಕನ್ನಡಕ್ಕೆ ತಪ್ಪಿದರೆ ಅದಕ್ಕೆ ಗ್ರಾಹಕ ಸೇವೆ ಅಂತ ಹೆಸರು.

ಮೂರು ಸಲ ಬಸ್ಸು. ಮೂರು ದಿನ ಬೆಳಗಿನ ಹಾಲು ಕರೆದು, ಹಸುವಿಗೆ ಹುಲ್ಲು ಹಾಕು ಅಂತ ಪಕ್ಕದ ಮನೆಯವರ ಕಾಲು ಹಿಡಿದು ಬಂದಿದ್ದಾಳೆ. ಮೂರು ಸಲವೂ ಮುಳಬಾಗಿಲು ದೋಸೆ ತಿಂದೆವು, ಆಗಿದ್ದ ವ್ಯವಹಾರ ಅದೊಂದೇ.

ನಮ್ಮ ತಪ್ಪೂ ಇದೆ, ಹೇಳಿಬಿಡುತ್ತೇನೆ. ನಾವು ಕೋಲಾರದವರು ಎದುರಿನವನಿಗೆ ಕನ್ನಡ ಕಲಿಯುವ ಅವಕಾಶವನ್ನೇ ಕೊಡುವುದಿಲ್ಲ. ಅವನು "ಕ್ಯಾ" ಅನ್ನುವುದರೊಳಗೆ ನಮ್ಮದು ಹಿಂದಿ, "ಏಮಿ" ಅನ್ನುವುದರೊಳಗೆ ತೆಲುಗು. ಮನೆಯಲ್ಲಿ ತಮಿಳಾಡುತ್ತಿದ್ದ ಮಾಲೂರು ಸೀಮೆಯ ಮಾಸ್ತಿಯವರು ಕನ್ನಡದಲ್ಲಿ ಬರೆದು 1983ರ ಜ್ಞಾನಪೀಠ ತಂದರು. ಕೈವಾರದ ಸಂತಕವಿ ತಾತಯ್ಯ ತೆಲುಗು, ಕನ್ನಡ ಎರಡರಲ್ಲೂ ಹಾಡಿಹೋದರು, ಜನ ಎರಡನ್ನೂ ಹಾಡಿಕೊಂಡರು. ಫಾರಂನಲ್ಲಿ ಮಾತೃಭಾಷೆ ಅಂತ ಒಂದೇ ಒಂದು ಬಾಕ್ಸ್ ಕೊಟ್ಟು ತುಂಬಿ ಅಂದರೆ ನಾವು ಪೆನ್ನು ಕಚ್ಚುತ್ತಾ ಕೂರುವ ಜನ. ಆ ಹುಡುಗನಿಗೆ ಇದನ್ನೆಲ್ಲ ಹೇಳಬೇಕು ಅನ್ನಿಸಿತು, ಯಾವ ಭಾಷೆಯಲ್ಲಿ ಅಂತ ಯೋಚಿಸುವಷ್ಟರಲ್ಲಿ ಊಟದ ಟೈಮಾಯ್ತು, ಕೌಂಟರ್ ಮುಚ್ಚಿದರು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆವು. ಪೆದ್ದಮ್ಮನ ಫೋನು ಟಿಂಗ್ ಅಂತು. ಬ್ಯಾಂಕಿನದೇ ಮೆಸೇಜು, ಇಂಗ್ಲಿಷಿನಲ್ಲಿ. ಏನಂತೆ ಓದು ಅಂದಳು. ನಾನು ಬೇಕಂತಲೇ ಅನುವಾದದ ಗುಂಡಿ ಒತ್ತಿ, ಜಾಣ ಯಂತ್ರ ಕೊಟ್ಟಿದ್ದನ್ನು ಇದ್ದ ಹಾಗೇ ಓದಿದೆ.

"ಆತ್ಮೀಯ ಗ್ರಾಹಕರೇ, ನಿಮ್ಮ ಖಾತೆ ಹೆಪ್ಪುಗಟ್ಟಿದೆ."

ಪೆದ್ದಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಚೀಲದಿಂದ ಎಲೆಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡಳು.

"ಹಾಲಿನ ದುಡ್ಡು ಅಲ್ವೇನೋ," ಅಂದಳು. "ಕಡೆಯೋಕೆ ಯಾವತ್ತು ಬರಬೇಕಂತೆ, ಒಳಗೆ ಹೋಗಿ ಕೇಳ್ಕೊಂಡು ಬಾ."