ಸ್ಪಷ್ಟನೆ: ಕ್ಲಿಪ್ಪರ್ ವಿಮಾನದಲ್ಲಿ 74 ಹಾಸಿಗೆ ಇರಲಿಲ್ಲ

‘1939ರಲ್ಲೇ ನೀರಿನ ಮೇಲಿಳಿಯುವ ಬೋಯಿಂಗ್ 314 ವಿಮಾನದಲ್ಲಿ 74 ಮಂದಿ ಮಲಗಿಕೊಂಡು, ಎಲ್ಲೂ ಇಳಿಯದೆ ನ್ಯೂಯಾರ್ಕ್‌ನಿಂದ ಯುರೋಪಿಗೆ ಹೋಗುತ್ತಿದ್ದರು’ ಎಂಬ ಸಂದೇಶ ಹರಿದಾಡುತ್ತಿದೆ. ಇದು ತಪ್ಪು.

74 ಎಂಬುದು ಹಗಲಿನ ಸೀಟುಗಳ ಲೆಕ್ಕ. ರಾತ್ರಿ ಮಲಗಲು ಜಾಗವಿದ್ದದ್ದು ಸುಮಾರು 36 ಜನರಿಗೆ. ಸಾಗರ ದಾಟಲು ಸುಮಾರು 16,000 ಲೀಟರ್ ಇಂಧನ ಹೊರಬೇಕಿತ್ತು. ಆ ತೂಕಕ್ಕೆ ತಕ್ಕಂತೆ ಪ್ರಯಾಣಿಕರನ್ನು ಕಡಿಮೆ ಮಾಡಲೇಬೇಕು. 1939ರ ಜೂನ್ 28ರಂದು ಅಮೆರಿಕದ ವಿಮಾನ ಸಂಸ್ಥೆ ಪ್ಯಾನ್ ಆಮ್‌ನ ‘ಡಿಕ್ಸಿ ಕ್ಲಿಪ್ಪರ್’ ಎಂಬ ಬೋಯಿಂಗ್ 314 ವಿಮಾನ ಹೊತ್ತೊಯ್ದದ್ದು ಬರೀ 22 ಪ್ರಯಾಣಿಕರನ್ನು.

ಅದೂ ನೇರ ಹಾರಾಟವಲ್ಲ. ಮೊದಲು ಅಟ್ಲಾಂಟಿಕ್ ಸಾಗರದ ನಡುವಿನ ಅಜೋರ್ಸ್ ದ್ವೀಪಗಳ ಹೋರ್ಟಾ, ಆಮೇಲೆ ಪೋರ್ಚುಗಲ್‌ನ ಲಿಸ್ಬನ್, ಕೊನೆಗೆ ಫ್ರಾನ್ಸಿನ ಮಾರ್ಸೇಯಲ್ಲಿ ಇಳಿಯಿತು. ಹೋರ್ಟಾದಲ್ಲಿ ಅಲೆ ಮೂರಡಿ ಮೀರಿದರೆ ತುಂಬಿದ ವಿಮಾನ ಮೇಲೇಳುವಂತಿರಲಿಲ್ಲ, ಸಮುದ್ರ ಶಾಂತವಾಗುವವರೆಗೆ ಕಾಯುವುದೇ. ಸಂದೇಶದಲ್ಲಿ ಬಿಟ್ಟುಹೋಗಿರುವ ಮುಖ್ಯ ಸಂಗತಿ ಇದೇ.

ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳಿಸಬೇಡಿ.