ಐನ್‌ಮನೆಯಲ್ಲಿ ದಿನವೂ ಒಲೆ ಉರಿಯಬೇಕು

ಕೊಡಗಿನ ನಾಪೋಕ್ಲು ಕಡೆಯ ನಮ್ಮ ಒಕ್ಕದ ಐನ್‌ಮನೆಯನ್ನು ನಾನೂ ನನ್ನ ಗಂಡನೂ ದುರಸ್ತಿ ಮಾಡಿಸುತ್ತಿರುವ ವಿಷಯ ನೆಂಟರಿಗೂ ಊರವರಿಗೂ ಈಗ ತಿಳಿದಿದೆ. ಮದುವೆ, ಮುಂಜಿ, ತಿಥಿಗಳಲ್ಲಿ ಸಿಕ್ಕವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ಅದನ್ನು ಕೆಡವಿ ಆರ್‌ಸಿಸಿ ಮನೆ ಕಟ್ಟಿಸಿದ್ದರೆ ಒಂದು ಬೇಸಿಗೆಯಲ್ಲಿ ಕೆಲಸ ಮುಗಿದುಹೋಗುತ್ತಿತ್ತಲ್ಲ, ಇಷ್ಟು ಕಷ್ಟವೇಕೆ? ಕೇಳುವವರು ನಮ್ಮ ಹಿತವನ್ನು ಬಯಸುವವರೇ. ಆದರೆ ಊಟದ ಸಾಲಿನಲ್ಲಿ ನಿಂತು ಎರಡು ಮಾತಿನಲ್ಲಿ ಉತ್ತರಿಸುವಂಥ ಪ್ರಶ್ನೆ ಇದಲ್ಲವಾದ್ದರಿಂದ ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಕೊಡಗಿನ ಹೊರಗಿನವರಿಗಾಗಿ ಮೊದಲು ಮನೆಯ ಪರಿಚಯ. ಐನ್‌ಮನೆಯೆಂದರೆ ಒಂದು ಒಕ್ಕದ, ಅಂದರೆ ಒಂದೇ ಮನೆತನದ ಹೆಸರು ಹೊತ್ತವರೆಲ್ಲರ ಮೂಲಮನೆ. ಗದ್ದೆಬಯಲು ಕಣ್ಣಿಗೆ ಕಾಣುವಂತೆ ಎತ್ತರದ ಜಾಗದಲ್ಲಿ ಅದು ನಿಂತಿರುತ್ತದೆ. ಇಕ್ಕೆಲದಲ್ಲೂ ಮಣ್ಣಿನ ದಿಬ್ಬವಿರುವ ಓಣಿಯಲ್ಲಿ ನಡೆದು ಅಂಗಳವನ್ನು ಸೇರಬೇಕು. ಮುಂಭಾಗದಲ್ಲಿ ಕಯ್ಯಾಲೆ ಎಂಬ ಜಗಲಿ, ಅದರ ಕಂಬಗಳ ನಡುವೆ ಕುಳಿತುಕೊಳ್ಳಲು ಒಂದೇ ಮರದಿಂದ ತೆಗೆದ ದಪ್ಪ ಹಲಗೆಯ ಐಮರ, ಒಳಗೆ ನಡುಮನೆಯಾದ ನೆಲ್ಲಕ್ಕಿ ನಡುಬಾಡೆ, ಅಲ್ಲಿ ತೂಗುದೀಪ, ನೈಋತ್ಯ ಮೂಲೆಯಲ್ಲಿ ಹಿರಿಯರಿಗೆ ಮೀಸಲಾದ ಕೋಣೆ ಕನ್ನಿಕೊಂಬರೆ. ಹೊರಗೆ, ಸ್ವಲ್ಪ ದೂರದಲ್ಲಿ, ಕಾರಣವರ, ಅಂದರೆ ಒಕ್ಕದ ಮೂಲಪುರುಷರ, ಗುಡಿಯಾದ ಕೈಮಡ. ನಮ್ಮದು ನಾಲ್ಕು ದಿಕ್ಕಿಗೂ ಕಟ್ಟಿ, ನಡುವೆ ಆಕಾಶಕ್ಕೆ ತೆರೆದ ಒಳಅಂಗಳವನ್ನು ಬಿಟ್ಟ ಮನೆ. ಗೋಡೆಗಳೆಲ್ಲ ಮಣ್ಣಿನವು, ಮೊಳಕ್ಕಿಂತ ದಪ್ಪ.

ಇಂಥ ಮನೆಗಳು ಬರಿದಾದದ್ದು ಒಂದು ದಿನದಲ್ಲಲ್ಲ. 1854ರಲ್ಲಿ ಮಡಿಕೇರಿಯ ಹತ್ತಿರ ಯುರೋಪಿಯನ್ನರ ಮೊದಲ ಕಾಫಿ ತೋಟ ಆರಂಭವಾಯಿತು. ಕಾಫಿ ಹಬ್ಬಿದಂತೆ ಒಕ್ಕದ ಒಬ್ಬೊಬ್ಬರೂ ತಮ್ಮ ಪಾಲಿನ ತೋಟದಲ್ಲಿ ಬೇರೆ ಮನೆ ಮಾಡಿಕೊಂಡರು. ಸೈನ್ಯಕ್ಕೆ ಸೇರಿದವರು ಹೋದರು, ಓದಿದವರು ಮೈಸೂರು, ಬೆಂಗಳೂರು ಸೇರಿದರು. ಗದ್ದೆ ಬೇಸಾಯ ಕುಗ್ಗಿದ ಮೇಲೆ ಗದ್ದೆಯ ಪಕ್ಕದಲ್ಲಿಯೇ ವಾಸವಿರಬೇಕೆಂಬ ಅಗತ್ಯವೂ ಇಲ್ಲವಾಯಿತು. ಐನ್‌ಮನೆಯಲ್ಲೇ ನಡೆಯುತ್ತಿದ್ದ ಮದುವೆಗಳು ಕೊಡವ ಸಮಾಜದ ಕಟ್ಟಡಗಳಿಗೆ ಹೋದವು. ಕೊನೆಗೆ ಸುಗ್ಗಿಹಬ್ಬವಾದ ಪುತ್ತರಿಯ ರಾತ್ರಿ ನೆರೆ, ಅಂದರೆ ಎಲೆಗಳ ಕಟ್ಟು, ಕಟ್ಟಿ ಕದಿರು ತರಲು ಮತ್ತು ಕಾರಣಂಗ್ ಕೊಡ್ಪ ದಿನ ಹಿರಿಯರಿಗೆ ಎಡೆ ಇಡಲು ಮಾತ್ರ ಬಾಗಿಲು ತೆರೆಯುವ ಸ್ಥಿತಿ ಬಂತು. ಉಳಿದ ದಿನಗಳಲ್ಲಿ ಬೀಗ.

ಬೀಗ ಹಾಕಿದ ಮಣ್ಣಿನ ಮನೆ ಎಷ್ಟು ಬೇಗ ಹಾಳಾಗುತ್ತದೆ ಎಂಬುದನ್ನು ಕೊಡಗಿನ ಮಳೆ ಕಂಡವರಿಗೆ ಹೇಳಬೇಕಿಲ್ಲ. ಭಾಗಮಂಡಲದ ಕಡೆ ವರ್ಷಕ್ಕೆ 5,000 ಮಿಲಿಮೀಟರ್ ದಾಟುವ ಮಳೆ; ನಮ್ಮಲ್ಲಿ ಅಷ್ಟಿಲ್ಲದಿದ್ದರೂ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆ ಒಣಗುವುದಿಲ್ಲ. ಜನ ವಾಸವಿದ್ದಾಗ ಅಡುಗೆಮನೆಯಲ್ಲಿ ಸೌದೆ ಒಲೆ ಉರಿಯುತ್ತಿತ್ತು, ಹೊಗೆ ಅಟ್ಟಕ್ಕೇರಿ ತೊಲೆ, ಪಕ್ಕಾಸುಗಳ ನಡುವೆ ಸುತ್ತಾಡಿ ಹೆಂಚಿನ ಸಂದಿನಿಂದ ಹೊರಹೋಗುತ್ತಿತ್ತು. ಆ ಹೊಗೆ ಮತ್ತು ಶಾಖ ಮರವನ್ನು ಒಣಗಿಸಿಡುತ್ತಿದ್ದವು, ಹುಳುವನ್ನೂ ಗೆದ್ದಲನ್ನೂ ದೂರವಿಡುತ್ತಿದ್ದವು. ಒಂದು ಹೆಂಚು ಜಾರಿದರೆ ಅದೇ ಸಂಜೆ ಯಾರೋ ಒಬ್ಬರು ಮಾಡು ಹತ್ತಿ ಸರಿಮಾಡುತ್ತಿದ್ದರು. ಜನವಿಲ್ಲದ ಮನೆಯಲ್ಲಿ ಅದೇ ಒಂದು ಹೆಂಚಿನಿಂದ ಇಡೀ ಮಳೆಗಾಲ ನೀರು ಇಳಿದು, ಪಕ್ಕಾಸು ಕುಂಬಾಗಿ, ಗೋಡೆಯ ತಲೆ ನೆನೆದು, ಮರುವರ್ಷ ಆ ಗೋಡೆಯ ಒಂದು ಮೂಲೆಯೇ ಕುಸಿಯುತ್ತದೆ. ನಾವು ಕೆಲಸಕ್ಕೆ ಕೈಹಚ್ಚಿದಾಗ ಹಿಂಭಾಗದ ಅಡುಗೆಮನೆಯ ಗತಿ ಇದೇ ಆಗಿತ್ತು. ಆದರೆ ಕನ್ನಿಕೊಂಬರೆಯ ಗೋಡೆಗಳು, ನಡುಬಾಡೆಯ ಕಂಬಗಳು, ಐಮರ, ಕೆತ್ತನೆಯ ಬಾಗಿಲುವಾಡ, ಇವೆಲ್ಲ ಗಟ್ಟಿಯಾಗಿಯೇ ಇದ್ದವು. ಕೆಡವಿ ಎನ್ನುವವರು ಕುಸಿದ ಮೂಲೆಯನ್ನು ತೋರಿಸಿ ಮಾತನಾಡುತ್ತಾರೆ. ನಿಂತಿರುವ ಉಳಿದ ಮನೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ ಎಂಬುದೇ ನನ್ನ ಬೇಸರ.

ಮೊದಲು ಮಾಡಿನ ಕೆಲಸ. ಹೆಂಚುಗಳನ್ನು ಒಂದೊಂದಾಗಿ ಇಳಿಸಿ, ಪಾಚಿ ಉಜ್ಜಿ, ಬೆರಳಗಂಟಿನಿಂದ ತಟ್ಟಿ, ಕಣಕಣ ಎನ್ನುವುದನ್ನು ಒಂದು ಕಡೆಗೂ ಬಿರುಕುಬಿಟ್ಟ ಮಂಕು ಸದ್ದಿನದನ್ನು ಇನ್ನೊಂದು ಕಡೆಗೂ ಜೋಡಿಸಿದೆವು. ಹಲವು ಹೆಂಚುಗಳ ಮೇಲೆ ಬಾಸೆಲ್ ಮಿಷನ್ ಕಾರ್ಖಾನೆಯ ಹೆಸರೂ 1865 ಎಂಬ ಅಂಕಿಯೂ ಇವೆ. ನೋಡಿದವರೆಲ್ಲ ಮನೆ 1865ರದ್ದು ಎಂದು ಖುಷಿಪಡುತ್ತಾರೆ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ಆರಂಭವಾದ ವರ್ಷ, ಆ ಹೆಂಚನ್ನು ಸುಟ್ಟ ವರ್ಷವಲ್ಲ. ಮನೆ ಅದಕ್ಕಿಂತ ಹಳೆಯದು. ಮೊದಲು ಹುಲ್ಲಿನ ಮಾಡಿತ್ತು, ಹೆಂಚು ಆಮೇಲೆ ಘಾಟಿ ಹತ್ತಿ ಬಂತು ಎಂದು ಒಕ್ಕದ ಹಿರಿಯರು ಹೇಳುತ್ತಾರೆ. ಪಕ್ಕಾಸುಗಳಲ್ಲಿ ಕೊಳೆತವನ್ನಷ್ಟೇ ಬದಲಿಸಿ, ಗೇರೆಣ್ಣೆ ಹಚ್ಚಿ, ಹೊಸ ರೀಪು ಹೊಡೆದು ಹಳೆಯ ಹೆಂಚನ್ನೇ ಮತ್ತೆ ಹೊದಿಸಿದೆವು. ಒಳಅಂಗಳದ ನಾಲ್ಕು ಮೂಲೆಗಳಲ್ಲಿ ಎರಡು ಮಾಡುಗಳು ಕೂಡುವ ಕಡೆಯೇ ಇಂಥ ಮನೆಗಳಿಗೆ ಪ್ರಾಣಭಯ. ಅಲ್ಲಿನ ತಗಡಿನ ದೋಣಿಯನ್ನು ಅಗಲವಾಗಿಯೇ ಮಾಡಿಸಿದೆವು, ಅದರಲ್ಲಿ ದುಡ್ಡು ಉಳಿಸಲು ಹೋಗಲಿಲ್ಲ.

ಒಂದು ಕಂಬದ ಬುಡ ಪೂರ್ತಿ ಗೆದ್ದಲು ತಿಂದು ಹೋಗಿತ್ತು. ಹೊಸ ಕಂಬ ಹಾಕಬೇಕೇನೋ ಎಂದು ನಾವು ಯೋಚಿಸುತ್ತಿದ್ದಾಗ ಬಡಗಿ ಮೇಸ್ತ್ರಿ, "ಅಮ್ಮಾ, ಕಾಲು ಹೋದದ್ದಕ್ಕೆ ತಲೆ ತೆಗೆಯುವುದು ಬೇಡ" ಎಂದರು. ಕೊಳೆತ ಭಾಗವನ್ನು ಕತ್ತರಿಸಿ, ಅದೇ ಜಾತಿಯ ಹಳೆಯ ಹಲಸಿನ ತುಂಡನ್ನು ಕಚ್ಚು ಹಾಕಿ ಕೂಡಿಸಿ, ಕೆಳಗೆ ಕಲ್ಲು ಕೊಟ್ಟು ನಿಲ್ಲಿಸಿದರು. ಆ ಕಂಬದ ಮೇಲಿನ ಕೆತ್ತನೆ ಉಳಿಯಿತು. ಇಂಥ ಕೈ ಇರುವವರು ಈಗ ಬಹಳ ಕಡಿಮೆ. ಇರುವವರಿಗೂ ನಾವು ಕೆಲಸ ಕೊಡದಿದ್ದರೆ ಅವರ ಮಕ್ಕಳು ಅಲ್ಯೂಮಿನಿಯಂ ಕಿಟಕಿ ಜೋಡಿಸಲು ಹೋಗುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ.

ಗೋಡೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಮಣ್ಣಿನ ಗೋಡೆಗೆ ಸಿಮೆಂಟ್ ಬಳಿಯಬಾರದು. ಹಿಂದೊಮ್ಮೆ ಒಳ್ಳೆಯ ಉದ್ದೇಶದಿಂದಲೇ ಯಾರೋ ಕಯ್ಯಾಲೆಯ ಗೋಡೆಗೆ ಸೊಂಟದೆತ್ತರದವರೆಗೆ ಸಿಮೆಂಟ್ ಗಾರೆ ಮಾಡಿಸಿದ್ದರು. ಮಣ್ಣು ನೆಲದ ತೇವವನ್ನು ಹೀರುತ್ತದೆ, ಬಿಸಿಲು ಬಂದಾಗ ಹೊರಗೆ ಬಿಡುತ್ತದೆ. ಸಿಮೆಂಟ್ ಆ ದಾರಿಯನ್ನು ಮುಚ್ಚುತ್ತದೆ. ತೇವ ಒಳಗೇ ನಿಂತು, ಇನ್ನೂ ಮೇಲಕ್ಕೆ ಏರಿ, ಗೋಡೆಯ ಬುಡವನ್ನು ಮೆದುಗೊಳಿಸುತ್ತದೆ. ಹೊರಗಿನಿಂದ ನೋಡಿದರೆ ಎಲ್ಲವೂ ಗಟ್ಟಿಯಾಗಿ ಕಾಣುತ್ತದೆ. ನಾವು ಆ ಸಿಮೆಂಟನ್ನು ಕಿತ್ತಾಗ ಅದು ದೊಡ್ಡ ದೊಡ್ಡ ಹಪ್ಪಳೆಯಾಗಿ ಎದ್ದುಬಂತು, ಹಿಂದೆ ಅಂಟಿಕೊಂಡು ಬಂದ ಮಣ್ಣು ಕೈಯಲ್ಲಿ ಹಿಂಡುವಷ್ಟು ಒದ್ದೆಯಿತ್ತು. ಒಂದು ಇಡೀ ಬೇಸಿಗೆ ಗೋಡೆಯನ್ನು ಹಾಗೆಯೇ ಒಣಗಲು ಬಿಟ್ಟು, ಹುತ್ತದ ಮಣ್ಣು, ಮರಳು, ಸಣ್ಣಗೆ ಕತ್ತರಿಸಿದ ಹುಲ್ಲು ಸೇರಿಸಿ ತುಳಿದು ಕೊಳೆಹಾಕಿದ ಮಣ್ಣಿನಿಂದ ತುಂಬಿ, ಮೇಲೆ ಸುಣ್ಣದ ಗಾರೆ ಮಾಡಿಸಿದೆವು. ಸುಣ್ಣ ಗಾಳಿಯಿಂದ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನಿಧಾನವಾಗಿ ಗಟ್ಟಿಯಾಗುವ ವಸ್ತು. ಅದಕ್ಕೆ ಅವಸರ ಆಗದು, ಮಳೆಗಾಲವೂ ಆಗದು.

ಸಿಮೆಂಟಿನಷ್ಟೇ ಕೇಡು ಮಾಡಿದ್ದು ಒಳಅಂಗಳದ ಮುಚ್ಚಿಹೋದ ತೂಬು. ನಾಲ್ಕು ಮಾಡುಗಳ ನೀರೂ ಆ ಅಂಗಳಕ್ಕೇ ಬೀಳುತ್ತದೆ, ನೆಲದಡಿಯ ಕಲ್ಲಿನ ಕಾಲುವೆಯಲ್ಲಿ ಹೊರಹೋಗಬೇಕು. ಅದು ಎಲ್ಲಿ ಹೊರಬೀಳುತ್ತದೆಂದು ಈಗಿನ ಗಂಡಸರಲ್ಲಿ ಯಾರಿಗೂ ತಿಳಿದಿರಲಿಲ್ಲ. ಒಕ್ಕದಲ್ಲಿ ಹುಟ್ಟಿ ಮದುವೆಯಾಗಿ ಹೋದ ಹಿರಿಯ ಹೆಣ್ಣುಮಗಳೊಬ್ಬರು, ಚಿಕ್ಕವರಿದ್ದಾಗ ಪಾತ್ರೆ ತೊಳೆಯುತ್ತಿದ್ದ ಜಾಗದ ಆಚೆ, ಬಾಳೆಯ ಬುಡದಲ್ಲಿ ನೀರು ಬರುತ್ತಿತ್ತೆಂದು ಹೇಳಿದರು. ಅಗೆದಾಗ ಅಲ್ಲಿಯೇ ಸಿಕ್ಕಿತು, ಬೇರು ತುಂಬಿಕೊಂಡಿತ್ತು. ಮನೆಯ ನೆನಪು ಯಾರ ಬಳಿ ಇರುತ್ತದೆ ಎಂಬುದನ್ನು ಒಕ್ಕದ ಸಭೆಗಳಿಗೆ ಯಾರನ್ನು ಕರೆಯುತ್ತೇವೆ ಎಂಬುದರ ಜೊತೆಗಿಟ್ಟು ನಾವು ಯೋಚಿಸುವುದು ಒಳ್ಳೆಯದು.

ಇಷ್ಟು ಕಾಲ ಏಕೆ ಹಿಡಿಯುತ್ತಿದೆ ಎನ್ನುವವರಿಗೆ ನಮ್ಮ ಜಿಲ್ಲೆಯ ಪಂಚಾಂಗವೇ ಉತ್ತರ. ಮಳೆ ಬಿಟ್ಟು ಮಣ್ಣು ಆರುವ ಹೊತ್ತಿಗೆ ಅರೇಬಿಕಾ ಕೊಯ್ಲು ಶುರು, ಅದರ ಬೆನ್ನಿಗೇ ರೋಬಸ್ಟಾ. ಆಗ ಆಳುಗಳು ಸಿಗುವುದಿಲ್ಲ, ಸಿಕ್ಕರೂ ನಮ್ಮದೇ ತೋಟದ ಕೊಯ್ಲು ಬಿಡಲಾಗದು. ಕೊಯ್ಲು ಮುಗಿದು ಕಾಫಿ ಹೂ ಅರಳಿಸುವ ಹೂಮಳೆ ಬಂದು ಹೋದ ಮೇಲೆ ಮುಂಗಾರಿಗೆ ಮುಂಚಿನ ಕೆಲವೇ ವಾರಗಳು ಗೋಡೆಗೆ ಒದಗುತ್ತವೆ.

ಇವೆಲ್ಲಕ್ಕಿಂತ ಕಷ್ಟದ ಕೆಲಸ ಮನೆಗೆ ಕೈಹಚ್ಚುವ ಮೊದಲೇ ಆಗಬೇಕಿತ್ತು. ಐನ್‌ಮನೆ ಯಾರೊಬ್ಬರದೂ ಅಲ್ಲ, ಇಡೀ ಒಕ್ಕದ್ದು. ಎಲ್ಲರದ್ದಾದ ಕಾರಣಕ್ಕೆ ಯಾರೂ ದುಡ್ಡು ಹಾಕುವುದಿಲ್ಲ, ಒಬ್ಬರು ಹಾಕಲು ಮುಂದೆ ಬಂದರೆ ಉಳಿದವರಿಗೆ ಅನುಮಾನ ಹುಟ್ಟುತ್ತದೆ. ಈ ಅನುಮಾನವನ್ನು ನಾನು ತಪ್ಪೆನ್ನುವುದಿಲ್ಲ. ಮನೆಯಲ್ಲಿ ವಾಸವಿದ್ದವರೇ ಕೊನೆಗೆ ಒಡೆಯರಾದ ಉದಾಹರಣೆಗಳನ್ನು ಜನ ನೋಡಿದ್ದಾರೆ. ಆದ್ದರಿಂದ ನಾವು ಒಕ್ಕದ ಮುಖ್ಯಸ್ಥರಾದ ಪಟ್ಟೆದಾರರ ಮುಂದೆ ಒಕ್ಕದವರೆಲ್ಲರನ್ನೂ ಸೇರಿಸಿ ಮಾತನಾಡಿ, ಬರೆದು, ಸಹಿ ಹಾಕಿಸಿಕೊಂಡೆವು. ನಾವು ಖರ್ಚು ಮಾಡಿದ ಹಣದಿಂದ ನಮಗೆ ಯಾವ ಹಕ್ಕೂ ಬರುವುದಿಲ್ಲ. ಮನೆಯನ್ನು ಒತ್ತೆಯಿಡುವಂತಿಲ್ಲ, ಬಾಡಿಗೆಗೆ ಕೊಡುವಂತಿಲ್ಲ. ಕನ್ನಿಕೊಂಬರೆಯೂ ಕೈಮಡವೂ ಒಕ್ಕದ ಸುಪರ್ದಿಯಲ್ಲೇ ಇರುತ್ತವೆ. ಪುತ್ತರಿ, ಆಯುಧಪೂಜೆಯ ಹಬ್ಬವಾದ ಕೈಲ್‌ಪೊಳ್ದ್, ಕಾರಣಂಗ್ ಕೊಡ್ಪ ಎಲ್ಲವೂ ಎಂದಿನಂತೆ ಇಲ್ಲಿಯೇ ನಡೆಯುತ್ತವೆ. ಪಟ್ಟೆದಾರರು ತಮ್ಮದೊಂದು ಮಾತನ್ನು ಸೇರಿಸಿದರು: "ನೀವು ಇರಿ. ಆದರೆ ಒಕ್ಕದ ಮಕ್ಕಳು ಯಾವ ಹೊತ್ತಿಗೆ ಬಂದರೂ ನಡುಬಾಡೆಯ ಬಾಗಿಲು ತೆರೆದಿರಬೇಕು." ಅದನ್ನೂ ಬರೆದುಕೊಂಡೆವು. ಬೀಗ ಬಿದ್ದಿರುವ ಐನ್‌ಮನೆಯಿರುವ ಪ್ರತಿಯೊಂದು ಒಕ್ಕವೂ ಇಂಥದೊಂದು ಕಾಗದ ಮಾಡಿ, ಒಂದು ಕುಟುಂಬವನ್ನಾದರೂ ಅಲ್ಲಿ ಇರಿಸಬೇಕೆಂದು ನಾನು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ. ವರ್ಷಕ್ಕೊಮ್ಮೆ ಬಣ್ಣ ಬಳಿದು ಹಬ್ಬ ಮಾಡುವುದರಿಂದ ಮಾಡು ಸೋರುವುದು ನಿಲ್ಲುವುದಿಲ್ಲ.

ಸರ್ಕಾರ ಕಾಪಾಡಲಿ ಎಂದು ಕಾಯುವುದರಲ್ಲೂ ಅರ್ಥವಿಲ್ಲ. ನಮ್ಮಿಂದ ದೂರವಿಲ್ಲದ ಕಕ್ಕಬೆಯಲ್ಲಿ, ತಡಿಯಂಡಮೋಳ್ ಬೆಟ್ಟದ ಬುಡದಲ್ಲಿ, ಕೊಡಗಿನ ಅರಸ ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಲು ತೊಡಗಿದ ನಾಲ್ಕುನಾಡು ಅರಮನೆಯಿದೆ, ಅರಮನೆಗಳಿಗೆ ಇಲಾಖೆಯುಂಟು. ಮನೆತನಗಳ ಖಾಸಗಿ ಮನೆಗಳು ಸ್ಮಾರಕಗಳ ಪಟ್ಟಿಯಲ್ಲಿ ಬರುವುದಿಲ್ಲ, ನಾಳೆ ಜೆಸಿಬಿ ತಂದು ಕೆಡವಿದರೂ ತಡೆಯುವವರಿಲ್ಲ. ಬೋವೇರಿಯಂಡ ನಂಜಮ್ಮ, ಚಿಣ್ಣಪ್ಪ ದಂಪತಿ ಊರೂರು ಸುತ್ತಿ ಐನ್‌ಮನೆಗಳನ್ನು ದಾಖಲಿಸಿದ್ದು ಈ ಕಾರಣಕ್ಕೇ ಅಷ್ಟು ದೊಡ್ಡ ಉಪಕಾರ.

ಜೆಸಿಬಿಯ ಮಾತು ಬಂತು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ ಕಡೆ ಗುಡ್ಡಗಳು ಜಾರಿದಾಗ ಇಳಿಜಾರುಗಳನ್ನು ಕಡಿದದ್ದೂ ಒಂದು ಕಾರಣವೆಂದು ತಜ್ಞರು ಹೇಳಿದರು. ಹಳಬರು ನೆಲ ಇದ್ದಂತೆ ಮನೆಯನ್ನು ಹೊಂದಿಸಿ ಕಟ್ಟಿದ್ದರು. ಅದನ್ನು ಕೆಡವಿದವರು ಕಾರು ನಿಲ್ಲಿಸಲು, ಹಿಂದೆ ಇನ್ನೆರಡು ಕೋಣೆ ಎಳೆಯಲು ಗುಡ್ಡವನ್ನು ನೆಟ್ಟಗೆ ಸೀಳುತ್ತಾರೆ. ಆರ್‌ಸಿಸಿ ಬೇಡವೆಂದು ನಾವು ತೀರ್ಮಾನಿಸಿದ್ದರ ಹಿಂದೆ ಹಳೆಯದರ ಮೇಲಿನ ಪ್ರೀತಿ ಎಷ್ಟಿದೆಯೋ ಈ ಭಯವೂ ಅಷ್ಟೇ ಇದೆ.

ಹಾಗೆಂದು ನಾವು ಅಜ್ಜನ ಕಾಲದಂತೆ ಬದುಕುತ್ತಿಲ್ಲ. ಗ್ಯಾಸ್ ಒಲೆಯಿದೆ, ಇಂಟರ್ನೆಟ್ ಇದೆ, ಸ್ನಾನದ ಮನೆ, ಶೌಚಾಲಯಗಳನ್ನು ಹಳೆಯ ಗೋಡೆಗೆ ತಾಗದಂತೆ ಹಿಂದೆ ಬೇರೆಯಾಗಿ ಕಟ್ಟಿಸಿದ್ದೇವೆ. ಗ್ಯಾಸ್ ಇದ್ದರೂ ಬೆಳಿಗ್ಗೆ ಸೌದೆ ಒಲೆ ಹಚ್ಚುತ್ತೇವೆ, ಅದು ಮಾಡಿಗಾಗಿ. ಹೋಂಸ್ಟೇ ಮಾಡಿ ಎನ್ನುವವರಿದ್ದಾರೆ. ಬೇರೆ ಒಕ್ಕದವರು ಮಾಡಿದರೆ ನನ್ನ ತಕರಾರಿಲ್ಲ, ನಡುಬಾಡೆಯನ್ನು ಅದರಿಂದ ಹೊರಗಿಡಲಿ ಎಂದಷ್ಟೇ ಹೇಳುತ್ತೇನೆ. ಹಳೆಯ ಬಾಗಿಲು, ಕಂಬ ಕೊಳ್ಳುವ ವ್ಯಾಪಾರಿಗಳಿಗೆ ಮಾತ್ರ ಮನೆಯ ದಾರಿಯನ್ನೇ ತೋರಿಸಬಾರದು.

ಈಗ ಪಡುವಣ ಭಾಗದ ಕೆಲಸ ಬಾಕಿಯಿದೆ, ಅಲ್ಲಿ ಹೆಂಚು ಬಹಳಷ್ಟು ಒಡೆದಿದೆ. ಹಳೆಯ ಮಂಗಳೂರು ಹೆಂಚು ಇದ್ದು ಬೇಡವಾದವರು ತಿಳಿಸಿದರೆ ಬೆಲೆ ಕೊಟ್ಟು ತರುತ್ತೇವೆ. ನಿಮ್ಮ ಐನ್‌ಮನೆಯನ್ನು ಕೆಡವುವ ಮಾತು ನಡೆದಿದ್ದರೆ, ಅದಕ್ಕೆ ಮುಂಚೆ ನಿಮ್ಮ ಮೇಸ್ತ್ರಿಯನ್ನೂ ಕರೆದುಕೊಂಡು ಒಮ್ಮೆ ನಮ್ಮಲ್ಲಿಗೆ ಬನ್ನಿ. ರೋಬಸ್ಟಾ ಕೊಯ್ಲು ಮುಗಿಯುತ್ತಲೇ ಬಂದರೆ ಪಡುವಣ ಗೋಡೆ ಇನ್ನೂ ತೆರೆದೇ ಇರುತ್ತದೆ, ಒಳಗಿನ ಮಣ್ಣನ್ನು ಮುಟ್ಟಿ ನೋಡಬಹುದು. ಆಮೇಲೆ ಗಾರೆ ಮುಚ್ಚುತ್ತದೆ.